ತಮ್ಮನನ್ನು ಪಪುವಾ ನ್ಯೂಗಿನಿಗೆ ಕಳುಹಿಸುತ್ತಿದ್ದಾರೆ, ಅಲ್ಲಿ ದಿನ ಹೇಗೆ ಕಳೆಯುತ್ತದೆ?

ಬೆಳ್ತಂಗಡಿಯ ಅಕ್ಕ:

ನನ್ನ ತಮ್ಮನಿಗೆ 24 ವರ್ಷ. ಕ್ಯಾಥೋಲಿಕ್ ಫಾದರ್ ಆಗಲು ಗುರುಮಠದಲ್ಲಿ ತತ್ವಶಾಸ್ತ್ರ ಮುಗಿಸಿದ್ದಾನೆ, ಮೊದಲ ವ್ರತವೂ ಆಗಿದೆ. ಈಗ ಎರಡು ವರ್ಷದ ತರಬೇತಿಗೆಂದು ಪಪುವಾ ನ್ಯೂಗಿನಿಯ ಮೌಂಟ್ ಹಾಗೆನ್ ಕಡೆಗೆ ಕಳುಹಿಸುತ್ತಿದ್ದಾರೆ. ಅಪ್ಪ ಭೂಪಟ ಬಿಡಿಸಿ, ಆಸ್ಟ್ರೇಲಿಯಾದ ನೆತ್ತಿಯ ಮೇಲೆ ಬೆರಳಿಟ್ಟು ಸುಮ್ಮನಾದರು. ಅಮ್ಮ ಯಾರೋ ತೋರಿಸಿದ ವಿಡಿಯೊ ನೋಡಿ, ಅಲ್ಲಿ ಮನುಷ್ಯರನ್ನೇ ತಿನ್ನುತ್ತಾರಂತೆ ಎಂದು ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ತಮ್ಮನನ್ನು ಕೇಳಿದರೆ "ಹೋದ ಮೇಲೆ ತಿಳಿಯುತ್ತದೆ" ಎನ್ನುತ್ತಾನೆ. ಅಲ್ಲಿ ಇದ್ದವರು ಯಾರಾದರೂ ಹೇಳಿ. ಬೆಳಗ್ಗೆ ಎದ್ದು ರಾತ್ರಿ ಮಲಗುವವರೆಗೆ ಏನು ಮಾಡುತ್ತಾರೆ? ಏನು ಉಣ್ಣುತ್ತಾರೆ? ಪೆಟ್ಟಿಗೆಯಲ್ಲಿ ಏನಿಟ್ಟು ಕಳುಹಿಸಲಿ?

ಗಂಬೂಟ್ ಬ್ರದರ್:

ಅಕ್ಕಾ, ಮೊದಲು ಅಮ್ಮನಿಗೆ ಊಟ ಬಡಿಸಿ. ಹಾಗೆನ್ ಸಮೀಪದ ಒಂದು ಧರ್ಮಕೇಂದ್ರದಲ್ಲಿ ಹದಿನಾಲ್ಕು ತಿಂಗಳಿಂದ ಇದ್ದೇನೆ. ನನ್ನನ್ನು ಇದುವರೆಗೆ ತಿಂದದ್ದು ಚಿಗಟಗಳು ಮಾತ್ರ.

ಇದು ಸುಮಾರು 1,600 ಮೀಟರ್ ಎತ್ತರದ ಊರು, ರಾತ್ರಿ ಸ್ವೆಟರ್ ಬೇಕೇ ಬೇಕು. ರಸ್ತೆ ಬದಿಯಲ್ಲಿ ಟಾರ್ಪಾಲಿನ ಮೇಲೆ ಕಾಫಿ ಬೀಜ ಒಣಹಾಕಿದ್ದನ್ನು ಮೊದಲ ದಿನ ಕಂಡಾಗ ಮೂಡಿಗೆರೆಯಲ್ಲಿ ಇಳಿದೆನೋ ಅನ್ನಿಸಿತ್ತು. ಆದರೆ ರಾಜಧಾನಿ ಪೋರ್ಟ್ ಮೊರೆಸ್ಬಿಯಿಂದ ಇಲ್ಲಿಗೆ ರಸ್ತೆಯೇ ಇಲ್ಲ, ವಿಮಾನವೇ ಗತಿ.

ಮನೆಯಲ್ಲಿ ನಾವು ಮೂವರು: ಪೋಲೆಂಡಿನ ಹಿರಿಯ ಫಾದರ್, ಇಂಡೊನೇಷ್ಯಾದ ಫ್ಲೋರೆಸ್ ದ್ವೀಪದ ಇನ್ನೊಬ್ಬ ಫಾದರ್, ಮತ್ತೆ ನಾನು. ಐದಕ್ಕೆ ಏಳುವುದು, ಪ್ರಾರ್ಥನೆ, ಆರೂವರೆಗೆ ಬಲಿಪೂಜೆ, ಅಂದರೆ ಚರ್ಚಿನ ಮಾಸ್. ಆಮೇಲೆ ದಿನವಿಡೀ ಬೋಧನೆ ಎಂದುಕೊಂಡರೆ ತಪ್ಪು. ತಗಡಿನ ಮಾಡಿನ ಮಳೆನೀರನ್ನೇ ಕುಡಿಯುವುದು, ಅದರಲ್ಲೇ ಸ್ನಾನ. ಹಾಗಾಗಿ ದಂಬೆಯಲ್ಲಿ ಕಟ್ಟಿಕೊಂಡ ಎಲೆ ತೆಗೆಯುವುದು ನನ್ನ ಪಾಲಿನ ಮೊದಲ ಸೇವೆ. ಬಳಿಕ ಶಾಲೆಯಲ್ಲಿ ಆರನೆಯ ತರಗತಿಗೆ ಗಣಿತ. ಮಧ್ಯಾಹ್ನ ಬೆಟ್ಟದಾಚೆಯ ಊರುಗಳಿಗೆ ನಡಿಗೆ. ಕೆಸರು ಮೊಣಕಾಲಿನವರೆಗೆ. ಗಾಡಿ ಬರುತ್ತದೆ ಎಂದು ಯಾರಾದರೂ "ವೆಟ್ ಲಿಕ್ಲಿಕ್", ಅಂದರೆ ಸ್ವಲ್ಪ ಕಾಯಿರಿ, ಎಂದರೆ ಜಪಸರವನ್ನು ಮೂರು ಸುತ್ತು ಹೇಳಿ ಮುಗಿಸಬಹುದು.

ಭಾಷೆಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಈ ದೇಶದಲ್ಲಿ 800ಕ್ಕೂ ಹೆಚ್ಚು ಭಾಷೆಗಳಿವೆ, ಎಲ್ಲರನ್ನೂ ಕೂಡಿಸುವುದು ಟೋಕ್ ಪಿಸಿನ್. ಅದರಲ್ಲಿ "ನಾವು" ಎನ್ನಲು ಎರಡು ಮಾತುಗಳಿವೆ. ಕೇಳುವವರನ್ನೂ ಸೇರಿಸಿಕೊಂಡರೆ "ಯುಮಿ", ಅವರನ್ನು ಬಿಟ್ಟರೆ "ಮಿಪೆಲಾ". ಪೋಲೆಂಡಿನ ಫಾದರ್‌ಗೆ ಇದು ನಾಲಿಗೆಗೆ ಹತ್ತಲು ಒಂದು ವರ್ಷ ಹಿಡಿಯಿತಂತೆ. ನನಗೆ ಒಂದೇ ಸಂಜೆ ಸಾಕಾಯಿತು. ಮನೆಮಾತು ಕೊಂಕಣಿಯಾದರೂ ನಾನು ಆಡಿ ಬೆಳೆದದ್ದು ತುಳುವಿನಲ್ಲಿ. "ನಮ" ಮತ್ತು "ಎಂಕುಲು" ಗೊತ್ತಿದ್ದವನಿಗೆ ಇದೇನು ದೊಡ್ಡದು? ನಿಮ್ಮ ತಮ್ಮನಿಗೂ ಅಷ್ಟೇ. ಪ್ರಭುವಿನ ಪ್ರಾರ್ಥನೆ ಇಲ್ಲಿ "ಪಾಪಾ ಬಿಲೊಂಗ್ ಮಿಪೆಲಾ", ಅಂದರೆ ನಮ್ಮ ತಂದೆ, ಎಂದು ಶುರುವಾಗುತ್ತದೆ, ದೇವರು ತನಗೆ ತಾನೇ ತಂದೆಯಲ್ಲವಲ್ಲ. ಇಷ್ಟೆಲ್ಲ ತಿಳಿದಿದ್ದರೂ, ಫಾದರ್ ಬಾರದ ಒಂದು ಭಾನುವಾರ ನಾನೇ ಪ್ರಾರ್ಥನೆ ನಡೆಸುವಾಗ "ನಾವೆಲ್ಲ ಪಾಪಿಗಳು" ಎನ್ನಲು "ಮಿಪೆಲಾ" ಎಂದುಬಿಟ್ಟೆ. ಪಾಪಿಗಳು ನಾವು ಮಾತ್ರ, ನೀವಲ್ಲ ಎಂದಂತಾಯಿತು. ಮುದುಕಿಯರು ಬಿಲುಮ್ ಚೀಲಗಳನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರು.

ಇನ್ನೊಂದು ಹೇಳಲೇಬೇಕು. ಯಾರಾದರೂ ಸತ್ತರೆ ಇಲ್ಲಿ "ಹೌಸ್ ಕ್ರೈ" ಕೂರುತ್ತದೆ. ಬಂಧುಗಳು ಮೈಗೆ ಮಣ್ಣು ಬಳಿದುಕೊಂಡು ದಿನಗಟ್ಟಲೆ ನೆಲದ ಮೇಲೆ ಕುಳಿತು ಅಳುತ್ತಾರೆ. ನಾನು ಬಂದ ಎರಡನೆಯ ತಿಂಗಳು ಏಳನೆಯ ತರಗತಿಯ ಹುಡುಗನೊಬ್ಬ ಹೊಳೆಯ ಪಾಲಾದ. ರಾತ್ರಿಯೆಲ್ಲ ಕುಳಿತು ಸಾಂತ್ವನದ ಮಾತುಗಳನ್ನು ಬರೆದುಕೊಂಡು ಹೋಗಿದ್ದೆ. ಕಾಗದ ಹೊರತೆಗೆದಾಗ ನಮ್ಮ ಉಪದೇಶಿ, ಅಂದರೆ ಊರಿನಲ್ಲಿ ಧರ್ಮಬೋಧನೆ ಮಾಡುವವರು, ನನ್ನ ತೋಳು ಹಿಡಿದು "ಸಿಂದೌನ್ ತಾಸೊಲ್" ಎಂದರು. ಸುಮ್ಮನೆ ಕೂತುಕೊಳ್ಳಿ, ಅಷ್ಟೇ. ಕೂತೆ. ಸಂಜೆ ಹುಡುಗನ ಅಜ್ಜಿ ಬೂದಿಯಲ್ಲಿ ಸುಟ್ಟ ಗೆಣಸನ್ನು ಮುರಿದು ಅರ್ಧ ನನ್ನ ಕೈಗಿಟ್ಟಳು. ಆ ಕಾಗದ ಈಗಲೂ ಬೈಬಲಿನ ನಡುವೆ ಇದೆ, ಓದಿಲ್ಲ.

ಊಟವೆಂದರೆ ಗೆಣಸು, ಸೊಪ್ಪು, ಅಂಗಡಿಯ ಅಕ್ಕಿ, ಡಬ್ಬಿಯ ಮೀನು. ಹಂದಿ ಇದೆ, ಆದರೆ ನಮ್ಮ ಹಾಗೆ ಭಾನುವಾರದ ಸಾರಿಗಲ್ಲ. ಅದು ಇಲ್ಲಿಯವರ ಬ್ಯಾಂಕು, ಮದುವೆ ಮತ್ತು ರಾಜಿಗೆ ಕೊಡುವ ಸಂಪತ್ತು. ಕಡಿದ ದಿನ ಕಾದ ಕಲ್ಲುಗಳ ಮೇಲೆ ಬಾಳೆಲೆ ಹಾಸಿ, ಮಾಂಸ, ಗೆಣಸು ತುಂಬಿ ಮಣ್ಣು ಮುಚ್ಚಿ ಬೇಯಿಸುತ್ತಾರೆ. ಉಪ್ಪಿನಕಾಯಿ ಬೇಡ. ನನ್ನ ಬಾಟಲಿ ಸೂಟ್‌ಕೇಸಿನಲ್ಲೇ ಒಡೆದು ಬಿಳಿ ನಿಲುವಂಗಿ ಇಂದಿಗೂ ಮಾವಿನ ಮಿಡಿಯ ವಾಸನೆ ಹೊಡೆಯುತ್ತಿದೆ. ಬಫಾತ್ ಮಸಾಲೆ ಪುಡಿ ಕಳುಹಿಸಿ. ಇಲ್ಲಿ ರಾತ್ರಿ 8 ಗಂಟೆಯಾದಾಗ ಅಲ್ಲಿ ಮಧ್ಯಾಹ್ನ 3.30. ಟವರ್ ಇದ್ದ ದಿನ ಅವನು ಕರೆ ಮಾಡುವುದು ಆಗಲೇ, ಅಮ್ಮನಿಗೆ ಆ ಹೊತ್ತಿಗೆ ನಿದ್ದೆ ಮಾಡಬೇಡಿ ಎನ್ನಿ.

ಕುತೂಹಲಿ:

ತಪ್ಪು ತಿಳಿಯಬೇಡಿ ಬ್ರದರ್. ಹೋಗುವುದು ಮತಾಂತರಕ್ಕೆ ತಾನೆ? ಗಣಿತ ಹೇಳಿಕೊಡುವುದಾದರೆ ನಮ್ಮಲ್ಲೇ ಮೇಷ್ಟರಿಲ್ಲದ ಶಾಲೆಗಳಿವೆಯಲ್ಲ?

ಗಂಬೂಟ್ ಬ್ರದರ್:

ಇಲ್ಲಿಯ ಜನರಲ್ಲಿ ಬಹುಪಾಲು ಈಗಾಗಲೇ ಕ್ರೈಸ್ತರು. ಡಿವೈನ್ ವರ್ಡ್ ಎಂಬ ಕ್ಯಾಥೋಲಿಕ್ ಸಭೆಯವರು ಉತ್ತರ ಕರಾವಳಿಗೆ ಬಂದದ್ದು 1896ರಲ್ಲಿ. 2025ರ ಅಕ್ಟೋಬರಿನಲ್ಲಿ ಈ ನೆಲದ ಉಪದೇಶಿ ಪೀಟರ್ ಟೊ ರೊಟ್ ಅವರನ್ನು ಸಂತರೆಂದು ಘೋಷಿಸಿಯೂ ಆಯಿತು. ಮತಾಂತರಕ್ಕೆ ನಾನು ಬಹಳ ತಡವಾಗಿ ಬಂದವನು! ಎರಡನೆಯ ಪ್ರಶ್ನೆ ನನ್ನನ್ನೂ ಕಾಡುತ್ತದೆ, ಜಾರಿಕೊಳ್ಳುವುದಿಲ್ಲ. ನಮ್ಮೂರಿನಲ್ಲಿದ್ದರೆ ನಾನು ಕಲಿಸುವವನಾಗಿಯೇ ಇರುತ್ತಿದ್ದೆ. ಇಲ್ಲಿ ಆರನೆಯ ತರಗತಿಯ ಮಕ್ಕಳು ದಿನಕ್ಕೆ ಹತ್ತು ಸಲ ನನ್ನ ಮಾತು ತಿದ್ದುತ್ತಾರೆ. ಸದ್ಯಕ್ಕೆ ನನ್ನಲ್ಲಿರುವ ಉತ್ತರ ಇಷ್ಟೇ.

ಪುತ್ತೂರಿನ ನರ್ಸ್ ಸಿಸ್ಟರ್:

ನಾನು ಮಡಾಂಗ್ ಕರಾವಳಿಯಲ್ಲಿ ಆರು ವರ್ಷ ಇದ್ದೆ. ಬ್ರದರ್ ಬೆಟ್ಟದವರು, ಅದಕ್ಕೇ ಮಲೇರಿಯಾ ಮರೆತಿದ್ದಾರೆ. ಕರಾವಳಿಗೆ ಇಳಿದಾಗ ಸೊಳ್ಳೆಪರದೆ ತಪ್ಪಬಾರದು. ಜ್ವರ ಬಂದರೆ ದಣಿವೆಂದು ಮಲಗದೆ ಅಂದೇ ರಕ್ತ ಪರೀಕ್ಷೆ ಮಾಡಿಸಲಿ. ಹೊರಡುವ ಮುಂಚೆ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಲಿ.

ಇನ್ನೊಂದು, ಅಡಿಕೆ ತೋಟದ ಹುಡುಗರಿಗೆ. ಅಲ್ಲಿ ಅಡಿಕೆಗೆ "ಬುವಾಯಿ" ಎನ್ನುತ್ತಾರೆ. ಹಸಿರು ಕಾಯಿಯ ಸಿಪ್ಪೆಯನ್ನು ಹಲ್ಲಿನಲ್ಲೇ ಸುಲಿದು, ವೀಳ್ಯದೆಲೆಯ ಬದಲು ಅದೇ ಜಾತಿಯ ಬಳ್ಳಿಯ ಕಡ್ಡಿಯಂಥ ಕಾಯಿಯನ್ನು ಸುಣ್ಣದ ಪುಡಿಗೆ ಅದ್ದಿ ಕಚ್ಚುತ್ತಾರೆ. "ನಮ್ಮೂರ ಬೆಳೆ" ಎಂಬ ಹೆಮ್ಮೆಯಿಂದ ನಾನೂ ಅಗಿದೆ. ಸುಣ್ಣ ಕೆನ್ನೆಯ ಒಳಗೆ ಸುಟ್ಟು ನಾಲ್ಕು ದಿನ ಗಂಜಿಯೇ ಗತಿಯಾಯಿತು. ಬಾಯಿಯ ಕ್ಯಾನ್ಸರಿನ ರೋಗಿಗಳನ್ನು ಅಲ್ಲಿ ಕಂಡಷ್ಟು ನಾನು ಬೇರೆಲ್ಲೂ ಕಂಡಿಲ್ಲ. ಮರ್ಯಾದೆಗೆ ಕೈಯಲ್ಲಿ ಪಡೆದು ಜೇಬಿಗೆ ಹಾಕಿಕೊಂಡರೆ ಯಾರೂ ಬೇಸರಿಸುವುದಿಲ್ಲ.

ಬೆಳ್ತಂಗಡಿಯ ಅಕ್ಕ:

ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಅಜ್ಜಿ ಗೆಣಸು ಕೊಟ್ಟ ಕಡೆ ನಿಲ್ಲಿಸಿ ಇನ್ನೊಮ್ಮೆ ಓದಿಸಿದರು. ಈಗ ಅಂಗಳದಲ್ಲಿ ಮೆಣಸು ಒಣಗುತ್ತಿದೆ. ಪುಡಿ ಎಷ್ಟು ಕಿಲೊ ಬೇಕೆಂದು ಕೇಳುತ್ತಿದ್ದಾರೆ.

ಗಂಬೂಟ್ ಬ್ರದರ್:

ಎರಡು. ಒಂದು ನನಗೆ.