ಸಹಾಯ ಬೇಕು: ಕಾರ್ಬನ್ ಕ್ಲೀನಿಂಗ್ ಮಾಡಿಸಲೇಬೇಕಾ?

ಎಲ್ಲರಿಗೂ ನಮಸ್ಕಾರ. ಗಾಡಿ 1.2 ಲೀಟರ್ ಪೆಟ್ರೋಲ್, ಪೋರ್ಟ್ ಇಂಜೆಕ್ಷನ್, 42,000 ಕಿ.ಮೀ. ಓಡಿದೆ. ಸರ್ವಿಸ್ ಅಡ್ವೈಸರ್ ಎಸ್ಟಿಮೇಟ್‌ನಲ್ಲಿ ಕಾರ್ಬನ್ ಕ್ಲೀನಿಂಗ್‌ಗೆ (ಎಂಜಿನ್ ಒಳಗಿನ ಮಸಿ ತೆಗೆಯೋದು) 3,500 ರೂಪಾಯಿ ಸೇರಿಸಿದ್ದಾರೆ. ಮೈಲೇಜ್, ಪಿಕಪ್ ಸರಿಯಿದೆ, ಚೆಕ್ ಎಂಜಿನ್ ಲೈಟ್ ಇಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಆರ್‌ಪಿಎಂ 750ರಿಂದ 600ಕ್ಕೆ ಇಳಿದು ಮತ್ತೆ ಏರುತ್ತೆ.

ಪೋರ್ಟ್ ಇಂಜೆಕ್ಷನ್‌ನಲ್ಲಿ ಪೆಟ್ರೋಲ್ ಇನ್‌ಟೇಕ್ ವಾಲ್ವ್‌ನ (ಸಿಲಿಂಡರ್‌ಗೆ ಗಾಳಿ ಒಳಬಿಡುವ ಕವಾಟ) ಹಿಂಬದಿಗೇ ಬೀಳೋದರಿಂದ ಅಲ್ಲಿ ಮಸಿ ಕೂರೋದು ಕಡಿಮೆ. ಪೆಟ್ರೋಲ್ ನೇರ ಸಿಲಿಂಡರ್ ಒಳಗೇ ಬೀಳುವ ಡೈರೆಕ್ಟ್ ಇಂಜೆಕ್ಷನ್ ಆಗಿದ್ದರೆ ಮಾತು ಬೇರೆ. ನನಗೆ ಅನುಮಾನ ಥ್ರಾಟಲ್ ಬಾಡಿ (ಎಂಜಿನ್‌ಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಭಾಗ) ಮೇಲೆ: ಪೈಪ್ ಬಿಚ್ಚಿ ನೋಡಿದರೆ ಅದರೊಳಗಿನ ತಟ್ಟೆ, ಅಂದರೆ ಬಟರ್‌ಫ್ಲೈ ಅಂಚಿನಲ್ಲಿ ಕಪ್ಪು ಜಿಡ್ಡಿನ ಉಂಗುರ, ಬೆರಳಿಗೆ ಅಂಟುತ್ತೆ.

ಥ್ರಾಟಲ್ ಕ್ಲೀನರ್ ಬಟ್ಟೆಗೆ ಸಿಂಪಡಿಸಿ ಒರೆಸಿ, ಏರ್ ಫಿಲ್ಟರ್ ಬದಲಿಸಿ, ಸ್ಕ್ಯಾನರ್‌ನಲ್ಲಿ ಐಡಲ್ ರೀಲರ್ನ್ (ನಿಂತಾಗಿನ ಆರ್‌ಪಿಎಂ ಅನ್ನು ಎಂಜಿನ್ ಕಂಪ್ಯೂಟರ್‌ಗೆ ಮತ್ತೆ ಕಲಿಸೋದು) ಮಾಡಿಸಿದರೆ ಸಾಕಾ? ಒಳಗೆ ಮಸಿ ಇದೆಯಾ ಅಂತ ಮೊದಲು ಬೋರ್‌ಸ್ಕೋಪ್ (ಎಂಜಿನ್ ಒಳಗೆ ನೋಡುವ ಸಣ್ಣ ಕ್ಯಾಮೆರಾ) ಹಾಕಿ ತೋರಿಸುವ ಗ್ಯಾರೇಜ್ ಮೈಸೂರಿನಲ್ಲಿ ಇದ್ದರೆ ದಯವಿಟ್ಟು ತಿಳಿಸಿ. ಶನಿವಾರ ಗಾಡಿ ಬಿಡಬೇಕು.