ಇಂಪ್ಲಾಂಟ್ ಮೇಲಿನ ಜಿರ್ಕೋನಿಯಾ ಹಲ್ಲು ಎಷ್ಟು ಕಾಲ ಬಾಳುತ್ತದೆ?

ಪ್ರಶ್ನೆ: 62 ವರ್ಷದ ನನ್ನ ತಾಯಿಯವರಿಗೆ ಕೆಳಗಿನ ದವಡೆಹಲ್ಲಿನ ಜಾಗದಲ್ಲಿ ಟೈಟಾನಿಯಂ ಇಂಪ್ಲಾಂಟ್ (ದವಡೆಯ ಮೂಳೆಯೊಳಗಿನ ಕೃತಕ ಬೇರು) ಕೂರಿಸಿ, ಅದರ ಮೇಲೆ ಜಿರ್ಕೋನಿಯಾ (ಗಟ್ಟಿ ಸೆರಾಮಿಕ್) ಕ್ಯಾಪ್ ಹಾಕುವುದಾಗಿ ವೈದ್ಯರು ಹೇಳಿದ್ದಾರೆ. ಅವರಿಗೆ ಸಕ್ಕರೆ ಕಾಯಿಲೆಯ ಜೊತೆಗೆ ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವೂ ಇದೆ. ಇದು ಬಹುಕಾಲ ಬಾಳೀತೇ?

ಉತ್ತರ 1: ಮೂಳೆಯೊಳಗಿನ ಇಂಪ್ಲಾಂಟ್ ಮತ್ತು ಮೇಲಿನ ಕ್ಯಾಪ್, ಇವೆರಡರ ಆಯುಷ್ಯವನ್ನು ಬೇರೆ ಬೇರೆಯಾಗಿಯೇ ನೋಡಬೇಕು. ಆಧುನಿಕ ಇಂಪ್ಲಾಂಟ್‌ನ ಜನಕರೆನಿಸಿದ ಸ್ವೀಡನ್ನಿನ ವೈದ್ಯ ಬ್ರೋನೆಮಾರ್ಕ್ ಅವರು 1965ರಲ್ಲಿ ತಮ್ಮ ಮೊದಲ ರೋಗಿಗೆ ಕೂರಿಸಿದ ಇಂಪ್ಲಾಂಟ್‌ಗಳು, ಆತ 2006ರಲ್ಲಿ ತೀರಿಕೊಳ್ಳುವವರೆಗೂ ಕೆಲಸ ಮಾಡುತ್ತಿದ್ದವು. ಆದರೆ ಸಹಜ ಹಲ್ಲಿನ ಬೇರನ್ನು ಸುತ್ತುವರಿದು ಒತ್ತಡವನ್ನು ಹೀರಿಕೊಳ್ಳುವ ನಾರಿನ ಪದರ ಇಂಪ್ಲಾಂಟ್‌ಗೆ ಇಲ್ಲದಿರುವುದರಿಂದ, ಹಲ್ಲು ಕಡಿಯುವವರಲ್ಲಿ ಆ ಭಾರವೆಲ್ಲ ಕ್ಯಾಪ್ ಮತ್ತು ಅದನ್ನು ಹಿಡಿದಿಡುವ ಸ್ಕ್ರೂ ಮೇಲೆಯೇ ಬೀಳುತ್ತದೆ. ಪಿಂಗಾಣಿ ಪದರ ಹಚ್ಚಿದ ಕ್ಯಾಪ್‌ಗಿಂತ ಇಡಿಯಾಗಿ ಜಿರ್ಕೋನಿಯಾದ್ದೇ ದವಡೆಹಲ್ಲಿಗೆ ಲೇಸು. ರಾತ್ರಿ ನೈಟ್ ಗಾರ್ಡ್ (ಮಲಗುವಾಗ ಹಲ್ಲಿಗೆ ಹಾಕಿಕೊಳ್ಳುವ ಕವಚ) ಬೇಕೇ ಬೇಕು.

ಉತ್ತರ 2: ನನ್ನ ಅನುಭವವೂ ಇದನ್ನೇ ಹೇಳುತ್ತದೆ. ಪಿಂಗಾಣಿ ಪದರದ ಕ್ಯಾಪ್ ಹಾಕಿಸಿಕೊಂಡ ಆರನೆಯ ವರ್ಷದಲ್ಲಿ ನಿಪ್ಪಟ್ಟು ಕಡಿಯುವಾಗ ಉಗುರಿನಷ್ಟು ಪಿಂಗಾಣಿ ಚಕ್ಕೆ ಎದ್ದು ಬಂತು. ಇಂಪ್ಲಾಂಟ್‌ಗೆ ಏನೂ ಆಗಿರಲಿಲ್ಲ. ಸ್ಕ್ರೂ ಹಾಕಿ ಕೂರಿಸಿದ ಕ್ಯಾಪ್ ಆಗಿದ್ದರಿಂದ ಬಿಚ್ಚಿ ಬದಲಿಸುವುದು ಸುಲಭವಾಯಿತು.

ಉತ್ತರ 3: ಕ್ಯಾಪನ್ನು ಸ್ಕ್ರೂ ಬದಲು ಸಿಮೆಂಟ್‌ನಿಂದ (ಹಲ್ಲಿನ ಅಂಟು) ಅಂಟಿಸುವುದಾದರೆ, ಒಸಡಿನ ಕೆಳಗೆ ಉಳಿದ ಚೂರು ಸಿಮೆಂಟ್ ಕೂಡ ಉರಿಯೂತಕ್ಕೆ ಕಾರಣವಾಗಬಹುದು. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಇಂಪ್ಲಾಂಟ್‌ಗೆ ಮೂಳೆ ಬೆಸೆಯುವುದೂ ನಿಧಾನವಾಗುತ್ತದೆ. ಆದ್ದರಿಂದ ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆಯನ್ನು ಮೊದಲೇ ಮಾಡಿಸಿಕೊಳ್ಳಿ.