ಚಿಕ್ಕಮ್ಮಾ, ಹೋಂಸ್ಟೇ ವೆಬ್‌ಸೈಟಿನ ಸಂಪರ್ಕ ಫಾರ್ಮ್‌ಗೆ ಬಂದ ಆ ವಿಚಿತ್ರ ಮೆಸೇಜ್ ಬಗ್ಗೆ

ಚಿಕ್ಕಮ್ಮಾ, ನೀವು ಹಾಕಿದ ಸ್ಕ್ರೀನ್‌ಶಾಟ್ ನೋಡಿದೆ. ಹೆಸರಿನ ಜಾಗದಲ್ಲೂ ಮೆಸೇಜ್ ಜಾಗದಲ್ಲೂ ತಲೆಬುಡ ಇಲ್ಲದ ಇಂಗ್ಲಿಷ್ ಅಕ್ಷರಗಳು, ಜಿಮೇಲ್ ವಿಳಾಸದ ಮಧ್ಯೆ ಮಧ್ಯೆ ಚುಕ್ಕಿ. ನಮ್ಮ ವೆಬ್‌ಸೈಟ್ ಹ್ಯಾಕ್ ಆಯ್ತಾ ಅಂತ ಕೇಳಿದಿರಿ. ಇಂಥ ಮೆಸೇಜ್ ಬಂದ ಮಾತ್ರಕ್ಕೆ ಹ್ಯಾಕ್ ಆಗಿದೆ ಅಂತಲ್ಲ, ಗಾಬರಿ ಬೇಡ.

ಇದು ಬಾಟ್ ಕೆಲಸ, ಅಂದ್ರೆ ತಾನಾಗೇ ಓಡುವ ಒಂದು ಕಂಪ್ಯೂಟರ್ ಪ್ರೋಗ್ರಾಂ. ಸೈಟಿಂದ ಸೈಟಿಗೆ ಹೋಗಿ ಫಾರ್ಮ್ ಹುಡುಕುತ್ತದೆ, ಕಂಡ ಖಾನೆಯನ್ನೆಲ್ಲ ತುಂಬಿ ಕಳಿಸುತ್ತದೆ. ಹೆಚ್ಚಾಗಿ ಈ ಫಾರ್ಮ್‌ಗೆ ತಡೆ ಇದೆಯಾ ಇಲ್ವಾ ಅಂತ ನೋಡೋದಕ್ಕೇ. ಜಿಮೇಲ್ ಚುಕ್ಕಿಗಳನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ, ಹಾಗಾಗಿ ಒಂದೇ ಖಾತೆಯನ್ನು ಬೇರೆ ಬೇರೆ ವಿಳಾಸದ ಹಾಗೆ ತೋರಿಸಬಹುದು.

ಈಗ ಮುಖ್ಯ ವಿಷಯ ಕೇಳಿ. ಫಾರ್ಮ್ ತುಂಬಿದವರಿಗೆ "ನಮಸ್ಕಾರ ಇಂಥವರೇ, ನಿಮ್ಮ ಸಂದೇಶ ತಲುಪಿದೆ" ಅಂತ ತಾನಾಗೇ ಒಂದು ಮೇಲ್ ಹೋಗುತ್ತದಲ್ವಾ? ಹೆಸರಿನ ಜಾಗದಲ್ಲಿ ಒಂದು ಲಾಟರಿ ಲಿಂಕ್ ಹಾಕಿ, ಇಮೇಲ್ ಜಾಗದಲ್ಲಿ ಯಾರದ್ದೋ ವಿಳಾಸ ಕೊಟ್ಟರೆ ಆಯ್ತು, ಆ ಲಿಂಕು ನಿಮ್ಮ ಹೋಂಸ್ಟೇ ಹೆಸರಲ್ಲೇ ಯಾರಿಗೋ ಹೋಗುತ್ತದೆ. ಇದು ಜಾಸ್ತಿ ಆದರೆ ನಾಳೆ ನಿಮ್ಮ ನಿಜವಾದ ಬುಕಿಂಗ್ ಮೇಲ್ ಕೂಡ ಸ್ಪ್ಯಾಮ್‌ಗೆ ಬೀಳಬಹುದು. ತಾನಾಗೇ ಹೋಗುವ ಆ ಮೇಲನ್ನು ಮೊದಲು ನಿಲ್ಲಿಸಿ, ಇಲ್ಲಾಂದ್ರೆ ಅದರಲ್ಲಿ ಹೆಸರು ಮತ್ತು ಅವರು ಬರೆದದ್ದು ವಾಪಸ್ ಹೋಗದ ಹಾಗೆ ಮಾಡಿಸಿ.

ನಿಜಕ್ಕೂ ಹೆದರಬೇಕಾದ್ದು ನೀಟಾಗಿ ಬರೆದ ಮೆಸೇಜಿಗೆ. 2021ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್‌ನವರೇ ಎಚ್ಚರಿಸಿದ್ದರು: "ನನ್ನ ಫೋಟೋ ಕದ್ದು ನಿಮ್ಮ ಸೈಟಲ್ಲಿ ಹಾಕಿದ್ದೀರಿ, ಕೇಸ್ ಹಾಕ್ತೀನಿ, ಸಾಕ್ಷಿ ಇಲ್ಲಿದೆ" ಅಂತ ಫಾರ್ಮ್ ಮೂಲಕವೇ ಬೆದರಿಕೆ. ಲಿಂಕ್ ಇದ್ದದ್ದು ಗೂಗಲ್ ಪುಟಕ್ಕೆ, ಯಾರಾದರೂ ನಂಬುವಂಥದ್ದು. ಅಲ್ಲಿಂದ ಇಳಿಯುತ್ತಿದ್ದದ್ದು ಐಸ್ಡ್‌ಐಡಿ ಅನ್ನೋ, ಬ್ಯಾಂಕ್ ವಿವರ ಕದಿಯುವ ವೈರಸ್. ಫಾರ್ಮ್ ಮೇಲ್ ನಮ್ಮದೇ ಸೈಟಿಂದ ಬರುವುದರಿಂದ ಸ್ಪ್ಯಾಮ್ ಫಿಲ್ಟರ್ ಕೂಡ ಎಷ್ಟೋ ಸಲ ಸುಮ್ನೆ ಒಳಗೆ ಬಿಡುತ್ತದೆ. ನೀವು ತೋಟದ ಫೋಟೋ ಅಷ್ಟೊಂದು ಹಾಕಿದ್ದೀರಿ, ಇಂಥದ್ದು ಬಂದರೆ ಚಿಕ್ಕಪ್ಪ ಹೆದರಿ ಒತ್ತಿಬಿಡ್ತಾರೆ ಅನ್ನೋದೇ ನನ್ನ ಚಿಂತೆ. ದಯವಿಟ್ಟು ಅವರಿಗೂ ಇದನ್ನು ಕೇಳಿಸಿ.

ಸೈಟ್ ಮಾಡಿಕೊಟ್ಟ ಹುಡುಗನಿಗೆ ಹನಿಪಾಟ್ ಹಾಕು ಅನ್ನಿ, ಅವನಿಗೆ ಗೊತ್ತಿರುತ್ತದೆ. ಜನರಿಗೆ ಕಾಣದ ಒಂದು ಖಾಲಿ ಖಾನೆ ಅದು, ಬಾಟ್ ಮಾತ್ರ ತುಂಬುತ್ತದೆ, ತುಂಬಿದ್ದನ್ನೆಲ್ಲ ಬಿಸಾಕಬಹುದು. ಬಸ್ಸು, ಟ್ರಾಫಿಕ್ ಲೈಟ್ ಆರಿಸಿ ಅನ್ನೋ ಕ್ಯಾಪ್ಚಾ ಈಗಲೇ ಬೇಡ, ವಯಸ್ಸಾದ ಅತಿಥಿಗಳು ಅರ್ಧಕ್ಕೇ ಬಿಟ್ಟು ಹೋಗ್ತಾರೆ. ಆ ಮೆಸೇಜಿಗೆ ಉತ್ತರ ಕೊಡಬೇಡಿ, ಡಿಲೀಟ್ ಮಾಡಿ. ಹುಡುಗನ ನಂಬರ್ ನನಗೆ ಪರ್ಸನಲ್ ಆಗಿ ಕಳಿಸಿ, ಸಂಜೆ ನಾನೇ ಮಾತಾಡ್ತೀನಿ.